ಕರೆಂಟು ಇದ್ದೂ ಈ ಹಳೆಯ ಇಂಜಿನ್ ಯಾಕೆ?

ಮನೆಗೆ ಬಂದವರು ಕಾಫಿ ಕುಡಿದು ತೋಟ ನೋಡಲು ಹೊರಟಾಗ, ಕೊಟ್ಟಿಗೆಯ ಪಕ್ಕದ ಮಾಡಿನ ಕೆಳಗೆ ಎರಡು ದೊಡ್ಡ ಚಕ್ರಗಳನ್ನು ಹೊತ್ತು ನಿಂತಿರುವ ಹಸಿರು ಬಣ್ಣದ ಇಂಜಿನ್ನನ್ನು ಕಂಡು ಒಂದು ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾರೆ: ಮನೆಗೆ ಲೈನು ಬಂದು ಇಷ್ಟು ವರ್ಷವಾದ ಮೇಲೂ ಇದನ್ನು ಯಾಕೆ ಇಟ್ಟುಕೊಂಡಿದ್ದೀರಿ? ಬೆಂಗಳೂರಿನಲ್ಲಿರುವ ನನ್ನ ಸೋದರಳಿಯನದು ಇನ್ನೂ ನೇರವಾದ ಮಾತು: "ಮಾವ, ಗುಜರಿಗೆ ಹಾಕಿದರೆ 300 ಕಿಲೋ ಕಬ್ಬಿಣದ ದುಡ್ಡಾದರೂ ಬರುತ್ತದಲ್ಲ?"

ದುಡ್ಡಿನ ಲೆಕ್ಕದಲ್ಲಿ ಅವನ ಮಾತು ಸರಿ. ಈ ಇಂಜಿನ್ನಿಗೆ ಆಲ್ಟರ್ನೇಟರ್ ಜೋಡಿಸಿ ಓಡಿಸಿದರೆ ಒಂದು ಲೀಟರ್ ಡೀಸೆಲ್‌ಗೆ ಸುಮಾರು 3 ಯೂನಿಟ್ ಕರೆಂಟು ಸಿಗುತ್ತದೆ; ಲೀಟರಿಗೆ 90 ರೂಪಾಯಿ ಎಂದಿಟ್ಟುಕೊಂಡರೂ ಯೂನಿಟ್ಟಿಗೆ 30 ರೂಪಾಯಿ ಬಿದ್ದ ಹಾಗಾಯಿತು. 10 ಅಶ್ವಶಕ್ತಿಯವರೆಗಿನ ಕೃಷಿ ಪಂಪ್‌ಸೆಟ್ಟಿಗೆ ಬಿಲ್ಲೇ ಇಲ್ಲದ, 2023ರಿಂದ ಗೃಹಜ್ಯೋತಿಯೂ ಇರುವ ರಾಜ್ಯದಲ್ಲಿ ಕುಳಿತು ಉಳಿತಾಯಕ್ಕಾಗಿ ಇಂಜಿನ್ ಓಡಿಸುತ್ತೇನೆಂದು ಹೇಳಿದರೆ ಯಾರೂ ನಂಬುವುದಿಲ್ಲ, ನಂಬಲೂಬಾರದು. ಹಳೆಯದರ ಮೇಲಿನ ವ್ಯಾಮೋಹ ಎನ್ನುವವರಿದ್ದಾರೆ. ಅದೂ ಪೂರ್ತಿ ನಿಜವಲ್ಲ. ಅಪ್ಪನ ಕಾಲದ ಟೈಪ್‌ರೈಟರನ್ನು ನಾನೇ ಯಾರಿಗೋ ಕೊಟ್ಟುಬಿಟ್ಟಿದ್ದೇನೆ.

ಇಂಜಿನ್ ಯಾವುದೆಂದು ಮೊದಲು ಹೇಳಬೇಕು. ಇಂಗ್ಲೆಂಡಿನ ಗ್ಲಾಸ್ಟರ್‌ಶೈರಿನ ಡರ್ಸ್‌ಲಿ ಎಂಬ ಊರಿನಲ್ಲಿ ಲಿಸ್ಟರ್ ಕಂಪನಿಯು 1930ರ ಸುಮಾರಿಗೆ ತಯಾರಿಸತೊಡಗಿದ ಒಂದೇ ಸಿಲಿಂಡರಿನ ನಿಧಾನಗತಿಯ ಡೀಸೆಲ್ ಇಂಜಿನ್ನಿನ ಮಾದರಿ ಇದು. ಅಲ್ಲಿ ಅದರ ತಯಾರಿಕೆ ನಿಂತು ದಶಕಗಳಾಗಿವೆ. ಆದರೆ ಗುಜರಾತಿನ ರಾಜಕೋಟೆಯ ಸಣ್ಣ ಸಣ್ಣ ಕಾರ್ಖಾನೆಗಳು ಅದೇ ಅಚ್ಚಿನಲ್ಲಿ ಎರಕ ಹೊಯ್ದು ದೇಶದ ತುಂಬ ಹಂಚಿದವು. ಹಿಟ್ಟಿನ ಗಿರಣಿಯಲ್ಲಿ, ಆಲೆಮನೆಯಲ್ಲಿ, ಹೊಳೆಯ ದಂಡೆಯ ಪಂಪಿನಲ್ಲಿ ಒಂದು ಕಾಲಕ್ಕೆ ಕೇಳುತ್ತಿದ್ದ ಟುಕ್ ಟುಕ್ ಸದ್ದು ಬಹುಪಾಲು ಇದರದ್ದು ಅಥವಾ ಇದರ ಬಂಧುಗಳದ್ದು. ಹೊಗೆಯ ನಿಯಮಗಳು ಬಿಗಿಯಾಗುವವರೆಗೂ ಅಮೆರಿಕದಲ್ಲಿ ಊರಾಚೆ ಒಂಟಿಮನೆ ಕಟ್ಟಿಕೊಂಡವರು ರಾಜಕೋಟೆಯ ಇದೇ ಇಂಜಿನ್ನುಗಳನ್ನು ಹಡಗಿನಲ್ಲಿ ತರಿಸಿಕೊಳ್ಳುತ್ತಿದ್ದರು.

ಆ ಟುಕ್ ಟುಕ್ ಎಲ್ಲಿಂದ ಬರುತ್ತದೆ ಎಂಬುದರಲ್ಲಿಯೇ ನನ್ನ ಉತ್ತರದ ಅರ್ಧ ಭಾಗವಿದೆ. ಈ 6 ಅಶ್ವಶಕ್ತಿಯ ಇಂಜಿನ್ ನಿಮಿಷಕ್ಕೆ 650 ಸುತ್ತು ತಿರುಗುತ್ತದೆ. ಎರಡು ಸುತ್ತಿಗೆ ಒಮ್ಮೆ ಡೀಸೆಲ್ ಉರಿಯುವುದರಿಂದ ಸೆಕೆಂಡಿಗೆ ಐದು ಚಿಲ್ಲರೆ ಸ್ಫೋಟಗಳಾದವು. ಅವನ್ನು ಕಿವಿ ಬಿಡಿ ಬಿಡಿಯಾಗಿ ಹಿಡಿಯಬಲ್ಲದು. ಪೇಟೆಯ ಅಂಗಡಿಗಳ ಮುಂದೆ ಕಾಣುವ ಪೆಟ್ರೋಲ್ ಜನರೇಟರ್ ತಿರುಗುವುದು ನಿಮಿಷಕ್ಕೆ 3,000 ಸುತ್ತು, ಎಂದರೆ ಸೆಕೆಂಡಿಗೆ 25 ಸ್ಫೋಟ; ಅಷ್ಟಾಗುವಾಗ ಪೆಟ್ಟುಗಳು ಒಂದರೊಳಗೊಂದು ಕರಗಿ ಬರೀ ಗುಂಯ್ ಎಂಬ ಕೂಗು ಉಳಿಯುತ್ತದೆ. ಆ ಕೂಗಿನಿಂದ ನನಗೇನೂ ತಿಳಿಯುವುದಿಲ್ಲ. ನನ್ನ ಇಂಜಿನ್ನಿನ ಸದ್ದಿನಿಂದ, ಅಡಿಕೆ ಸುಲಿಯುವ ಯಂತ್ರಕ್ಕೆ ಬೆಲ್ಟು ಹಾಕಿದ್ದು, ವೇಗವನ್ನು ಹದದಲ್ಲಿಡುವ ಗವರ್ನರ್ ಡೀಸೆಲ್ ಹೆಚ್ಚಿಸಿದ್ದು, ಒಂದು ಪೆಟ್ಟು ತಪ್ಪಿದ್ದು, ಎಲ್ಲವೂ ಅಂಗಳದಲ್ಲಿ ಕುಳಿತಲ್ಲಿಯೇ ತಿಳಿಯುತ್ತದೆ.

ಇದನ್ನು ಹತ್ತಿಸುವ ಕ್ರಮವೂ ಹಾಗೆಯೇ. ವಾಲ್ವುಗಳನ್ನು ಒತ್ತುವ ರಾಕರ್‌ಗಳಿಗೆ ನಾಲ್ಕು ಹನಿ ಎಣ್ಣೆ ಬಿಟ್ಟು, ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವನ್ನು ಎತ್ತಿ ಹಿಡಿಯುವ ಕೊಕ್ಕೆಯನ್ನು ಸಿಕ್ಕಿಸಿ, ಹ್ಯಾಂಡಲ್ ಹಾಕಿ ನಿಧಾನಕ್ಕೆ ತಿರುಗಿಸಿದರೆ ನಾಜಲ್ಲಿನಿಂದ 'ಕಿರ್ರ್' ಎಂಬ ಸಣ್ಣ ಸದ್ದು ಬರಬೇಕು. ಬಂದರೆ ಡೀಸೆಲ್ ಸರಿಯಾಗಿ ಚಿಮ್ಮುತ್ತಿದೆ ಎಂದರ್ಥ. ಬಾರದಿದ್ದರೆ ಪೈಪಿನಲ್ಲಿ ಗಾಳಿ ಸೇರಿದೆ, ನಟ್ಟು ಸಡಿಲಿಸಿ ಗುಳ್ಳೆ ನಿಲ್ಲುವವರೆಗೆ ಕಾಯಬೇಕು. ಆಮೇಲೆ ಮೈಯ ಶಕ್ತಿಯನ್ನೆಲ್ಲ ಹಾಕಿ ಚಕ್ರಕ್ಕೆ ವೇಗ ಹಿಡಿಸಿ ಕೊಕ್ಕೆ ಬಿಟ್ಟರೆ ಆಯಿತು. ಬ್ಯಾಟರಿ ಇಲ್ಲ, ಸ್ಪಾರ್ಕ್ ಪ್ಲಗ್ ಇಲ್ಲ, ತಂಪು ಮಾಡುವ ನೀರಿಗೆ ಪಂಪೂ ಇಲ್ಲ. ಬಿಸಿಯಾದ ನೀರು ಹಗುರಾಗಿ ತಾನೇ ಮೇಲೇರಿ ಪಕ್ಕದ 200 ಲೀಟರಿನ ಡ್ರಮ್ಮಿಗೆ ಹೋಗುತ್ತದೆ, ತಣ್ಣಗಿನದು ಕೆಳಗಿನಿಂದ ಬರುತ್ತದೆ. ಎರಡು ತಾಸು ಓಡಿಸಿದ ದಿನ ಆ ಡ್ರಮ್ಮಿನ ನೀರಿನಲ್ಲಿ ಅಡಿಕೆ ಕೆಲಸದವರು ಕೈಕಾಲು ತೊಳೆದುಕೊಳ್ಳುತ್ತಾರೆ. ಹೀಗೆ ಮೊದಲಿನಿಂದ ಕೊನೆಯವರೆಗೆ ಕಣ್ಣಿಗೆ, ಕಿವಿಗೆ, ಕೈಗೆ ಅರ್ಥವಾಗುವ ಬೇರೊಂದು ಯಂತ್ರ ನನ್ನ ಮನೆಯಲ್ಲಿಲ್ಲ. ನಾಲ್ಕು ವರ್ಷದ ಹಿಂದೆ ಕೊಂಡ ಇನ್ವರ್ಟರ್ ಕೈಕೊಟ್ಟಾಗ ಒಂದು ಕೆಂಪು ದೀಪ ತೋರಿಸಿ ಸುಮ್ಮನಾಯಿತು, ರಿಪೇರಿಯವರು ಬೋರ್ಡನ್ನೇ ಬದಲಾಯಿಸಬೇಕೆಂದರು.

ಉತ್ತರದ ಉಳಿದರ್ಧವಿರುವುದು ಮಲೆನಾಡಿನ ಮಳೆಯಲ್ಲಿ. ಆಷಾಢದಲ್ಲಿ ಲೈನಿನ ಮೇಲೆ ಮರ ಬಿತ್ತೆಂದರೆ ಮೂರು ದಿನವೂ ಆದೀತು, ವಾರವೂ ಆದೀತು. ಆಗ ಸೋಲಾರ್ ಇದ್ದೂ ಇಲ್ಲದಂತೆ. ಆದರೆ ಗುಡ್ಡದ ಹಳ್ಳ ತುಂಬಿ ಹರಿಯುವುದೂ ಆಗಲೇ; ಆದ್ದರಿಂದಲೇ ಪಶ್ಚಿಮ ಘಟ್ಟದ ಎಷ್ಟೋ ಒಂಟಿಮನೆಗಳು ಪೈಪಿನಲ್ಲಿ ನೀರಿಳಿಸಿ, ನೀರಿನ ಚಿಮ್ಮುವ ಬಲಕ್ಕೆ ತಿರುಗುವ ಪೆಲ್ಟನ್ ಚಕ್ರದಿಂದ ಕರೆಂಟು ಮಾಡಿಕೊಂಡಿವೆ. ನಮ್ಮಲ್ಲಿ ನೀರು 30 ಮೀಟರ್ ಕೆಳಗೆ ಧುಮುಕುತ್ತದೆ, ಸೆಕೆಂಡಿಗೆ 5 ಲೀಟರ್. ಪುಸ್ತಕದ ಲೆಕ್ಕಕ್ಕೆ ಸುಮಾರು ಒಂದೂವರೆ ಕಿಲೋವಾಟ್, ಕೈಗೆ ಸಿಗುವುದು 700 ವಾಟ್. ಕೇಳಲು ಅಲ್ಪವೆನಿಸಿದರೂ ಹಗಲಿರುಳು ಬರುವುದರಿಂದ ದಿನಕ್ಕೆ 16 ಯೂನಿಟ್‌ಗೂ ಹೆಚ್ಚಾಗುತ್ತದೆ, ಮನೆಗೆ ಬೇಕಾದದ್ದಕ್ಕಿಂತ ಮಿಗಿಲು; ಬಳಸದೆ ಉಳಿದದ್ದು ಬಚ್ಚಲ ಹಂಡೆಯ ಹೀಟರಿಗೆ ಹೋಗುತ್ತದೆ. ಒಂದು ಹೊತ್ತಿಗೆ ಸಿಗುವುದು ಮಾತ್ರ ಆ 700 ವಾಟ್, ಅದನ್ನು ಯಾರೂ ಹಿಗ್ಗಿಸಲಾರರು. ಮಿಕ್ಸಿ ತಿರುಗುವಾಗ ಫ್ರಿಜ್ಜು ಕಾಯಬೇಕು, ಇಸ್ತ್ರಿಪೆಟ್ಟಿಗೆಯ ಮಾತೇ ಬೇಡ. ನನ್ನ ಹೆಂಡತಿಗೆ ಮನೆಯ ಪ್ರತಿ ವಸ್ತುವಿನ ವಾಟು ಬಾಯಿಪಾಠವಾಗಿರುವುದು ಹೀಗೆ. ಫೆಬ್ರವರಿಗೆ ಹಳ್ಳ ಬತ್ತುತ್ತದೆ, ಅಷ್ಟರಲ್ಲಿ ಬಿಸಿಲು ಬಂದಿರುತ್ತದೆ. ಇವೆರಡರ ನಡುವಿನ ತೆರಪಿಗೆ, ಮತ್ತು ಹೆಚ್ಚು ಬಲ ಬೇಕಾದ ಕೆಲಸಕ್ಕೆ ಮಾತ್ರ, ಇಂಜಿನ್ ಏಳುತ್ತದೆ.

ದೋಷಗಳನ್ನು ಮುಚ್ಚಿಡಲಾರೆ. ಹೊಗೆ ಬಿಡುತ್ತದೆ, ಎಣ್ಣೆ ಸೋರುತ್ತದೆ, ಮಾಡಿನ ಹೆಂಚುಗಳು ಅದುರುತ್ತವೆ. ಒಮ್ಮೆ ಅವಸರದಲ್ಲಿ ಕೊಕ್ಕೆಯನ್ನು ಬೇಗನೆ ಬಿಟ್ಟೆ. ಚಕ್ರ ಹಿಂದಕ್ಕೆ ಒದ್ದು, ಹ್ಯಾಂಡಲ್ ನನ್ನ ಬಲ ಮಣಿಕಟ್ಟಿಗೆ ಬಡಿದು, ಆ ವರ್ಷದ ಕೊಯ್ಲಿನಲ್ಲಿ ಆರು ವಾರ ಎಡಗೈಯಲ್ಲೇ ಊಟ ಮಾಡಿದೆ. ಅಂದಿನಿಂದ ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಟ್ಟು ಹ್ಯಾಂಡಲ್ ಹಿಡಿಯುತ್ತೇನೆ.

ಇಷ್ಟು ಕೇಳಿದ ಮೇಲೂ ತಮಗೂ ಒಂದು ಬೇಕೆನ್ನುವವರಿಗೆ ನಾನು ಹೇಳುವುದು ಇಷ್ಟೆ. ಹಳೆಯದನ್ನು ಕೊಳ್ಳುವಾಗ ಬಣ್ಣ ನೋಡಬೇಡಿ, ತಣ್ಣಗಿರುವಾಗ ನಿಮ್ಮ ಕೈಯಿಂದಲೇ ಹತ್ತಿಸಿ ನೋಡಿ. ರಾಜಕೋಟೆಯದಾದರೆ, ಹೊಸದಿರಲಿ ಹಳೆಯದಿರಲಿ, ಓಡಿಸುವ ಮೊದಲು ಕೆಳಗಿನ ಎಣ್ಣೆತೊಟ್ಟಿಯನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆಯಿರಿ. ಎರಕದ ಮರಳು ಮೂಲೆಗಳಲ್ಲಿ ಉಳಿದಿರುವುದುಂಟು, ಅದು ಎಣ್ಣೆಯ ಜೊತೆ ಬೇರಿಂಗಿಗೆ ಹೋದರೆ ಒಂದು ಮಳೆಗಾಲವೂ ಬಾಳುವುದಿಲ್ಲ. ಮನೆಯ ಗೋಡೆಗೆ ತಾಗಿಸಿ ಇಡಬೇಡಿ, ಹೊಗೆ ಒಳಗೆ ಬರಬಾರದು. ನೆರೆಮನೆ ಕೂಗಳತೆಯಲ್ಲಿದ್ದರೆ ದಯವಿಟ್ಟು ಕೊಳ್ಳಲೇಬೇಡಿ.