112ಕ್ಕೆ ಕರೆ ಮಾಡಿದವರು ಎಲ್ಲಿದ್ದಾರೆ?

2022ರ ಫೆಬ್ರುವರಿಯಲ್ಲಿ ನಂದಿ ಬೆಟ್ಟದ ಪಕ್ಕದ ಬ್ರಹ್ಮಗಿರಿಯಲ್ಲಿ ವಿದ್ಯಾರ್ಥಿಯೊಬ್ಬ ಸುಮಾರು 300 ಅಡಿ ಜಾರಿ ಬಂಡೆಯ ಅಂಚಿನಲ್ಲಿ ಸಿಲುಕಿದ್ದು, ಯಲಹಂಕದಿಂದ ಬಂದ ವಾಯುಪಡೆಯ ಹೆಲಿಕಾಪ್ಟರ್ ಅವನನ್ನು ಮೇಲೆತ್ತಿದ್ದು ಚಿಕ್ಕಬಳ್ಳಾಪುರ ಜಿಲ್ಲೆಯವರಿಗೆ ನೆನಪಿರುತ್ತದೆ. ಬಿದ್ದ ಮೇಲೂ ಅವನ ಫೋನ್ ಕೆಲಸ ಮಾಡುತ್ತಿತ್ತು, ತಾನಿದ್ದ ಜಾಗದ ಲೊಕೇಶನ್ ಅನ್ನು ಅವನೇ ಪೊಲೀಸರಿಗೆ ಕಳಿಸಿದ್ದ ಎಂಬ ಸಂಗತಿ ಮಾತ್ರ ಹೆಲಿಕಾಪ್ಟರಿನ ಸದ್ದಿನಲ್ಲಿ ಹಿಂದೆ ಸರಿಯಿತು. ಸ್ಮಾರ್ಟ್‌ಫೋನ್ ಇಲ್ಲದವರು, ಇದ್ದರೂ ಲೊಕೇಶನ್ ಕಳಿಸಲು ಬಾರದವರು, ಕಳಿಸುವಷ್ಟು ಎಚ್ಚರವಿಲ್ಲದವರು ಬರೀ ತುರ್ತು ಸಂಖ್ಯೆ 112 ಒತ್ತಿದರೆ ಅವರಿರುವ ಜಾಗ ಕರೆ ಸ್ವೀಕರಿಸುವ ಕೇಂದ್ರಕ್ಕೆ ಎಷ್ಟು ನಿಖರವಾಗಿ ತಿಳಿಯಬೇಕು ಎಂಬುದನ್ನು ನಿಯಮವೊಂದು ಗೊತ್ತುಪಡಿಸಬೇಕೆಂದು ನನಗೆ ಬಹಳ ದಿನಗಳಿಂದ ಅನ್ನಿಸುತ್ತಿದೆ.

ಫೋನ್ ತಾನಾಗಿ ಏನನ್ನೂ ತಿಳಿಸದಿದ್ದಾಗ ನೆಟ್‌ವರ್ಕ್‌ಗೆ ಗೊತ್ತಿರುವುದು ಕರೆ ಯಾವ ಟವರ್‌ನ ಯಾವ ದಿಕ್ಕಿನ ಆಂಟೆನಾದ ಮೂಲಕ ಬಂತು ಎಂಬುದಷ್ಟೇ. ಟವರ್‌ಗಳು ಒತ್ತೊತ್ತಾಗಿರುವ ಬೆಂಗಳೂರಿನಲ್ಲಿ ಇಷ್ಟರಿಂದಲೇ ಬೀದಿಯ ಸುಳಿವು ಸಿಗಬಹುದು. ಗುಡಿಬಂಡೆ, ಬಾಗೇಪಲ್ಲಿಯ ಕಡೆ ಒಂದೇ ಆಂಟೆನಾದ ವ್ಯಾಪ್ತಿಯಲ್ಲಿ ಹಲವು ಊರುಗಳು, ಕೆರೆ, ಗುಡ್ಡ ಎಲ್ಲವೂ ಸೇರಿರುತ್ತವೆ. ಸಂಕೇತ ಟವರ್ ತಲುಪಲು ಹಿಡಿದ ಹೊತ್ತಿನಿಂದ ದೂರವನ್ನು ಅಂದಾಜು ಮಾಡಬಹುದಾದರೂ 2ಜಿಯಲ್ಲಿ ಆ ಅಂದಾಜಿನ ಒಂದೊಂದು ಹೆಜ್ಜೆ ಸುಮಾರು 550 ಮೀಟರ್, 4ಜಿಯಲ್ಲಿ ಸುಮಾರು 78 ಮೀಟರ್. ಅದರಿಂದಲೂ ಸಿಗುವುದು ಟವರ್‌ನ ಸುತ್ತ ಬಳೆಯ ತುಂಡಿನಂಥ ಒಂದು ಪಟ್ಟಿಯೇ ಹೊರತು ನಿರ್ದಿಷ್ಟ ಜಾಗವಲ್ಲ. ಹಾಗಾಗಿ ಕರೆ ಸ್ವೀಕರಿಸಿದವರು ಹತ್ತಿರದಲ್ಲಿ ಏನಿದೆ ಎಂದು ಕೇಳುತ್ತಾರೆ, ನಾವು ಹಾಲಿನ ಡೈರಿಯನ್ನೋ ಮುನೇಶ್ವರನ ಗುಡಿಯನ್ನೋ ಹೇಳುತ್ತೇವೆ. ಇವೆರಡೂ ಇಲ್ಲದ ಊರು ನಮ್ಮ ಜಿಲ್ಲೆಯಲ್ಲಿ ಸಿಗುವುದು ಕಷ್ಟ.

ಇದಕ್ಕೆ ಪರಿಹಾರವಾದ ತಂತ್ರಜ್ಞಾನ ಹೊಸದೇನಲ್ಲ. ತುರ್ತು ಸಂಖ್ಯೆಯನ್ನು ಒತ್ತಿದ ಕ್ಷಣವೇ ಫೋನ್ ತನ್ನ ಜಿಪಿಎಸ್ ಮತ್ತು ವೈಫೈಯನ್ನು ಎಬ್ಬಿಸಿ, ಇರುವ ಜಾಗವನ್ನು ಲೆಕ್ಕಹಾಕಿ, ಕರೆ ಮಾಡಿದವರು ಬೇರೇನನ್ನೂ ಒತ್ತದೆಯೇ ಅದನ್ನು ಎಸ್‌ಎಂಎಸ್ ಮೂಲಕ ಕೇಂದ್ರಕ್ಕೆ ರವಾನಿಸುವ ವ್ಯವಸ್ಥೆ 2014ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾಯಿತು. ಆಂಡ್ರಾಯ್ಡ್ ಫೋನ್‌ಗಳಿಗೆ 2016ರಲ್ಲಿ, ಐಫೋನ್‌ಗಳಿಗೆ 2018ರಲ್ಲಿ ಅದು ಬಂತು. 2022ರ ಮಾರ್ಚ್ 17ರಿಂದ ಐರೋಪ್ಯ ಒಕ್ಕೂಟದ ಮಾರುಕಟ್ಟೆಗೆ ಬರುವ ಪ್ರತಿ ಹೊಸ ಸ್ಮಾರ್ಟ್‌ಫೋನ್ ಕೂಡ ತುರ್ತು ಕರೆಯ ವೇಳೆ ಉಪಗ್ರಹ ಮತ್ತು ವೈಫೈ ಆಧಾರಿತ ಸ್ಥಳಮಾಹಿತಿಯನ್ನು ಒದಗಿಸಬಲ್ಲದಾಗಿರಬೇಕೆಂಬುದು ಅಲ್ಲಿನ ಕಾನೂನು. ನಮ್ಮ ದೇಶದಲ್ಲಿ ಆಂಡ್ರಾಯ್ಡ್‌ನ ಈ ಸೇವೆಯನ್ನು 112ಕ್ಕೆ ಜೋಡಿಸಿದ ಮೊದಲ ರಾಜ್ಯ ಉತ್ತರ ಪ್ರದೇಶ. ಅದು ನಡೆದದ್ದು 2025ರ ಕೊನೆಯಲ್ಲಿ. ಕೈಯಲ್ಲಿರುವ ಫೋನಿಗೆ ಸಾಮರ್ಥ್ಯವಿದ್ದರೂ ಅದನ್ನು ಬಳಸಲು ಇಷ್ಟು ವರ್ಷ ಹಿಡಿದದ್ದಕ್ಕೆ ತಂತ್ರಜ್ಞಾನವನ್ನು ದೂರಲಾಗದು.

ಭಾರತದ ನಿಯಮ 2016ರದು. 2017ರ ಜನವರಿ 1ರಿಂದ ಮಾರಾಟವಾಗುವ ಎಲ್ಲ ಮೊಬೈಲ್‌ಗಳಲ್ಲಿ ಪ್ಯಾನಿಕ್ ಬಟನ್ ಇರಬೇಕು, ಸಾಧಾರಣ ಕೀಪ್ಯಾಡ್ ಫೋನಿನಲ್ಲಿ 5 ಅಥವಾ 9ನ್ನು ಒತ್ತಿಹಿಡಿದರೆ ತುರ್ತು ಕರೆ ಹೋಗಬೇಕು, 2018ರ ಜನವರಿ 1ರಿಂದ ಜಿಪಿಎಸ್ ಕೂಡ ಇರಬೇಕು ಎಂದು ಅದು ಹೇಳಿತು. ಉದ್ದೇಶ ಒಳ್ಳೆಯದೇ. ಆದರೆ ಆ ನಿಯಮ ಗುಂಡಿಯನ್ನೂ ಚಿಪ್ಪನ್ನೂ ಕಡ್ಡಾಯಗೊಳಿಸಿತೇ ಹೊರತು, ಗುಂಡಿ ಒತ್ತಿದ ಮೇಲೆ ಕೇಂದ್ರದ ಪರದೆಯಲ್ಲಿ ಮೂಡುವ ಚುಕ್ಕೆ ನಿಜವಾದ ಜಾಗದಿಂದ ಎಷ್ಟು ಮೀಟರ್ ಒಳಗಿರಬೇಕು, ಎಷ್ಟು ಸೆಕೆಂಡಿನಲ್ಲಿ ಮೂಡಬೇಕು ಎಂಬುದನ್ನು ಗೊತ್ತುಪಡಿಸಲಿಲ್ಲ. ಅಮೆರಿಕದ ಸಂಪರ್ಕ ಆಯೋಗ 1996ರಲ್ಲೇ ನಿಖರತೆಯನ್ನು ಗೊತ್ತುಪಡಿಸುವ ಹಾದಿ ಹಿಡಿದು, 2015ರ ಆದೇಶದಲ್ಲಿ ಆರು ವರ್ಷಗಳೊಳಗೆ ಶೇ 80ರಷ್ಟು ಕರೆಗಳು 50 ಮೀಟರ್ ಒಳಗಿನ ನಿಖರತೆ ಪಡೆಯಬೇಕೆಂದು ಗುರಿ ಹಾಕಿತು, ಕಂಪನಿಗಳು ನಿಜವಾದ ಕರೆಗಳ ದತ್ತಾಂಶವನ್ನು ವರದಿ ಮಾಡಬೇಕೆಂದೂ ವಿಧಿಸಿತು. ಬಹುಮಹಡಿ ಕಟ್ಟಡಗಳಿಗಾಗಿ 2019ರಲ್ಲಿ ಎತ್ತರಕ್ಕೂ 3 ಮೀಟರ್‌ನ ಮಿತಿ ಬಂತು. ನಮಗೆ ಎತ್ತರದ ಚಿಂತೆ ಸದ್ಯಕ್ಕಿಲ್ಲ, ನಂದಿ ಬೆಟ್ಟವನ್ನು ಬಿಟ್ಟರೆ.

ನಮಗಿರುವ ಚಿಂತೆ ಗಡಿಯದು. ಗೌರಿಬಿದನೂರಿನಿಂದ ಹಿಂದೂಪುರದತ್ತ ಹೋಗುವಾಗಲೋ ಬಾಗೇಪಲ್ಲಿ ದಾಟಿ ಹೈದರಾಬಾದ್ ಹೆದ್ದಾರಿಯಲ್ಲಿ ಸಾಗುವಾಗಲೋ, ಇನ್ನೂ ಕರ್ನಾಟಕದಲ್ಲೇ ಇರುವಾಗಲೇ ಆಂಧ್ರಕ್ಕೆ ಸ್ವಾಗತ ಕೋರುವ ಸಂದೇಶ ಫೋನಿಗೆ ಬಂದರೆ ನಮ್ಮಲ್ಲಿ ಯಾರೂ ಅಚ್ಚರಿಪಡುವುದಿಲ್ಲ, ಏಕೆಂದರೆ ಫೋನ್ ಹುಡುಕುವುದು ಬಲವಾದ ಸಿಗ್ನಲ್ ಅನ್ನೇ ಹೊರತು ರಾಜ್ಯದ ಎಲ್ಲೆಯನ್ನಲ್ಲ. ತುರ್ತು ಕರೆಯನ್ನು ಯಾವ ಕೇಂದ್ರಕ್ಕೆ ಕಳಿಸಬೇಕೆಂಬುದನ್ನು ನೆಟ್‌ವರ್ಕ್ ತೀರ್ಮಾನಿಸುವುದು ಕರೆ ಹಿಡಿದ ಟವರ್‌ನ ಆಧಾರದ ಮೇಲೆ. ಟವರ್ ಆಚೆಯದಾದರೆ ಕರೆಯೂ ಆಚೆಗೇ ಹೋಗುತ್ತದೆ. ಮಾತಿನ ತೊಡಕು ನಮಗಿಲ್ಲ, ತೆಲುಗು ಇಲ್ಲಿ ಮನೆಮನೆಯ ಭಾಷೆ. ಆದರೆ ಆಚೆಯ ಕೇಂದ್ರದವರು ನಮ್ಮ ಠಾಣೆಯ ಗಾಡಿಯನ್ನು ನೇರವಾಗಿ ಹೊರಡಿಸಲಾರರು, ಕರೆಯನ್ನು ಈಚೆಗೆ ದಾಟಿಸಬೇಕಾಗುತ್ತದೆ, ಅಷ್ಟರಲ್ಲಿ ನಿಮಿಷಗಳು ಕಳೆಯುತ್ತವೆ. ನಗರದಲ್ಲಿ ಒಂದು ಕಿಲೋಮೀಟರ್ ತಪ್ಪಿದರೆ ಬಡಾವಣೆ ತಪ್ಪುತ್ತದೆ, ಇಲ್ಲಿ ರಾಜ್ಯವೇ ತಪ್ಪುತ್ತದೆ.

ಇದರಿಂದ ಖಾಸಗಿತನಕ್ಕೆ ಧಕ್ಕೆಯಾಗದೇ ಎಂದು ಕೇಳುವವರಿದ್ದಾರೆ, ಕೇಳಬೇಕಾದದ್ದೇ. ತುರ್ತು ಸಂಖ್ಯೆ ಒತ್ತಿದಾಗ ಮಾತ್ರ ಮಾಹಿತಿ ಹೋಗಬೇಕು, ಕೆಲಸ ಮುಗಿದ ಮೇಲೆ ಇಂತಿಷ್ಟು ದಿನಗಳೊಳಗೆ ಅದನ್ನು ಅಳಿಸಬೇಕು ಎಂಬ ಎರಡು ವಾಕ್ಯ ಅದೇ ನಿಯಮದಲ್ಲಿದ್ದರೆ ಈ ಆತಂಕ ಬಹುಮಟ್ಟಿಗೆ ಕರಗುತ್ತದೆ.

ಹೊಸ ನಿಯಮ ಬರುವುದಾದರೆ 112ರ ಜೊತೆಗೆ 108ನ್ನೂ ಅದು ಹೆಸರಿಸಬೇಕು. 2008ರಲ್ಲಿ ಆರೋಗ್ಯ ಕವಚ ಆರಂಭವಾದಾಗಿನಿಂದ ಆಂಬುಲೆನ್ಸ್ ಎಂದರೆ ಹಳ್ಳಿಯ ಜನರ ಬೆರಳು ಹೋಗುವುದು ಆ ಸಂಖ್ಯೆಗೆ. ಅದಕ್ಕಿಂತ ಮುಖ್ಯವಾದದ್ದು ಶೇಕಡಾವಾರು ಲೆಕ್ಕವನ್ನು ಯಾವ ಘಟಕಕ್ಕೆ ಹಾಕುತ್ತಾರೆ ಎಂಬುದು. ಇಡೀ ರಾಜ್ಯಕ್ಕೆ ಒಂದೇ ಲೆಕ್ಕವಾದರೆ ಬೆಂಗಳೂರಿನ ಕರೆಗಳಿಂದಲೇ ಅಮೆರಿಕದಂಥ ಶೇ 80ರ ಗುರಿ ಬಹುಪಾಲು ತುಂಬಿಹೋಗಿ, ಬಾಗೇಪಲ್ಲಿ, ಗುಡಿಬಂಡೆಗಳು ಉಳಿದ ಶೇ 20ರಲ್ಲಿ ಕಾಣದಂತೆ ಕುಳಿತುಬಿಡುತ್ತವೆ. ಆದ್ದರಿಂದ ಅಳತೆ ತಾಲ್ಲೂಕುವಾರು ನಡೆಯಬೇಕು, ಕೀಪ್ಯಾಡ್ ಫೋನ್‌ಗಳ ಫಲಿತಾಂಶವನ್ನು ಸ್ಮಾರ್ಟ್‌ಫೋನ್‌ಗಳ ಜೊತೆ ಬೆರೆಸದೆ ಬೇರೆಯಾಗಿ ತೋರಿಸಬೇಕು, ಗಡಿ ತಾಲ್ಲೂಕುಗಳಲ್ಲಿ ಎಷ್ಟು ಕರೆಗಳು ಪಕ್ಕದ ರಾಜ್ಯದ ಕೇಂದ್ರಕ್ಕೆ ಹೋಗಿ ಹಿಂದಿರುಗಿದವು ಎಂಬುದನ್ನೂ ಪ್ರತಿ ಕಂಪನಿ ಮೂರು ತಿಂಗಳಿಗೊಮ್ಮೆ ಸಾರ್ವಜನಿಕವಾಗಿ ಪ್ರಕಟಿಸಬೇಕು.