ಅಪ್ಪನ ಚಿಕಿತ್ಸೆ, ನಮ್ಮ ಸರದಿ

ಅಪ್ಪನ ಮಿದುಳಿನ ಗಡ್ಡೆ ಗ್ಲಿಯೋಬ್ಲಾಸ್ಟೋಮಾ, ಬೇಗ ಬೆಳೆಯುವ ಕ್ಯಾನ್ಸರ್. ಶಸ್ತ್ರಚಿಕಿತ್ಸೆ ಮುಗಿದಿದೆ. ಈಗ ಮೈಸೂರಿನಲ್ಲಿ ವಿಕಿರಣ ಚಿಕಿತ್ಸೆ: ವಾರಕ್ಕೆ 5 ದಿನದಂತೆ 6 ವಾರ, ಜೊತೆಗೆ ಖಾಲಿ ಹೊಟ್ಟೆಗೆ ಟೆಮೊಜೊಲೊಮೈಡ್ ಎಂಬ ಕ್ಯಾನ್ಸರ್ ಮಾತ್ರೆ. ಮಡಿಕೇರಿಯಿಂದ ದಿನವೂ ಓಡಾಡುವುದು ಆಗದ ಮಾತು. ಮೈಸೂರಿನಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೇವೆ. ಅಪ್ಪನ ಜೊತೆ ಅಮ್ಮ ಮತ್ತು ಅಣ್ಣ, ತೋಟಕ್ಕೆ ಅತ್ತಿಗೆ ಮತ್ತು ನಾನು. ರೊಬಸ್ಟಾ ಕಾಫಿ ಹಣ್ಣಾಗಿದೆ, ಕೊಯ್ಲು ಯಾರ ಕಾಯಿಲೆಗೂ ಕಾಯುವುದಿಲ್ಲ.

ನಮ್ಮನ್ನು ಹೆಚ್ಚು ಕಂಗೆಡಿಸಿದ್ದು ಡೆಕ್ಸಾಮೆಥಾಸೋನ್. ಮಿದುಳಿನ ಊತ ಇಳಿಸುವ ಸ್ಟೀರಾಯ್ಡ್ ಅದು. ತಲೆನೋವು ಇಳಿಯಿತು, ನಿಜ. ಆದರೆ ರಕ್ತದ ಸಕ್ಕರೆ ಏರಿತು, ರಾತ್ರಿಯ ನಿದ್ದೆ ಹೋಯಿತು, ನಡುರಾತ್ರಿ ಎದ್ದು ಕಡಂಬುಟ್ಟು (ಅಕ್ಕಿ ಕಡುಬು) ಬೇಕೆನ್ನುವಷ್ಟು ಹಸಿವು. ತೋಟದ ಕೆಲಸಗಾರರ ಮೇಲೂ ಎಂದೂ ದನಿ ಏರಿಸದ ಅಪ್ಪ ಈಗ ಅಮ್ಮನ ಮೇಲೆ ರೇಗುತ್ತಾರೆ. ಅಮ್ಮ ಬಚ್ಚಲಿನ ಬಾಗಿಲು ಹಾಕಿಕೊಂಡು ಅಳುತ್ತಿದ್ದರಂತೆ. ಈ ಔಷಧ ಸಿಟ್ಟು ತರಿಸಬಹುದು, ಮಿದುಳಿನ ಮುಂಭಾಗದ ಗಡ್ಡೆ ಸ್ವಭಾವವನ್ನೇ ಬದಲಿಸಬಹುದು ಎಂದು ವೈದ್ಯರು ಬಿಡಿಸಿ ಹೇಳಿದ ಮೇಲೆ ಅವರಿಗೆ ತುಸು ಸಮಾಧಾನ. ಈ ಮಾತನ್ನು ಮೊದಲ ದಿನವೇ ಮನೆಯವರೆಲ್ಲರನ್ನೂ ಕೂರಿಸಿ ಹೇಳಬೇಕು. ಮಾತ್ರೆಯ ಚೀಟಿಯಷ್ಟೇ ಅದೂ ಅಗತ್ಯ ಎಂದು ನನಗೆ ಅನಿಸುತ್ತದೆ. ಆರೈಕೆ ಮಾಡುವವರೂ ಸೋಲುತ್ತಾರಲ್ಲ.

ಸೋಮವಾರದಿಂದ ಅಣ್ಣನ ಬದಲು ನಾನು ಮೈಸೂರಿನಲ್ಲಿರುತ್ತೇನೆ. ಹಗಲು ಫೋನ್ ಎತ್ತದಿದ್ದರೆ ಬೇಸರಿಸಬೇಡಿ. ಸಂಜೆ ಕರೆ ಮಾಡಿದವರು ದಯವಿಟ್ಟು ಕಾಯಿಲೆಯ ವಿಚಾರ ತೆಗೆಯಬೇಡಿ. ಕಾಳುಮೆಣಸಿನ ದರ ಎಷ್ಟಾಯಿತು, ಊರಿನಲ್ಲಿ ಯಾರ ಮದುವೆ ಗೊತ್ತಾಯಿತು, ಅದನ್ನು ಹೇಳಿ. ಅಪ್ಪ ಅದನ್ನೇ ಕೇಳುತ್ತಿರುತ್ತಾರೆ.