ಬಡ್ಡಿ ನಂದು, ಅಸಲು ನಿಂದು

2010ರಲ್ಲಿ ಸಿಇಟಿ ಬರೆದು ಮೈಸೂರಿನಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿತು. ಫೀಸು, ಹಾಸ್ಟೆಲ್ಲು ಎಲ್ಲ ಸೇರಿ ವರ್ಷಕ್ಕೆ 80 ಸಾವಿರ. ಪಾಂಡವಪುರದ ಕಡೆ ನಮಗಿದ್ದದ್ದು ಎರಡು ಎಕರೆ ಕಬ್ಬು. ಕಬ್ಬಿನ ದುಡ್ಡು ಯಾವತ್ತು ಕೈಗೆ ಬರುತ್ತೆ ಅಂತ ದೇವರಿಗೂ ಗೊತ್ತಿರಲಿಲ್ಲ. ಬ್ಯಾಂಕಿಗೆ ಹೋದೆವು.

ನಾಲ್ಕು ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಜಮೀನು ಅಡ ಇಡಬೇಕಿಲ್ಲ, ತಂದೆ ಜೊತೆಗೆ ಸಹಿ ಹಾಕಿದರೆ ಸಾಕು. ಅಪ್ಪ ಇದನ್ನು ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಆಮೇಲೆ ತೋರಿಸಿದ ಕಡೆಯೆಲ್ಲ, ಒಂದೊಂದು ಅಕ್ಷರವನ್ನೂ ಒತ್ತಿ ಒತ್ತಿ ಸಹಿ ಹಾಕಿದರು. ಮುಂದಿನ ಹಾಳೆಯಲ್ಲೂ ಅಚ್ಚು ಮೂಡಿತ್ತು.

ಹೊರಗೆ ಟೀ ಕುಡಿಯುತ್ತಾ ಪಾಲು ಮಾಡಿದರು. "ಓದೋ ತನಕ ಬಡ್ಡಿ ನಂದು. ಅಸಲು ನಿಂದು."

ಕೋರ್ಸು ಮುಗಿದು ಒಂದು ವರ್ಷದವರೆಗೆ ಏನೂ ಕಟ್ಟದಿದ್ದರೂ ನಡೆಯುತ್ತಿತ್ತು. ಆದರೆ ಕೊನೆಗೆ ಆ ಬಡ್ಡಿಯೆಲ್ಲ ಅಸಲಿಗೆ ಸೇರುತ್ತದೆ. ಅದರ ರುಚಿ ಅಪ್ಪನಿಗೆ ಚೆನ್ನಾಗಿ ಗೊತ್ತಿತ್ತು.

ನೂರಕ್ಕೆ 12ರಂತೆ ಮೊದಲ ವರ್ಷ ತಿಂಗಳಿಗೆ 800 ರೂಪಾಯಿ. ಆಮೇಲೆ 1,600. ಕೊನೆಯ ವರ್ಷ 3,200. ಎಲ್ಲ ಹಾಲಿನ ಬಟವಾಡೆಯಿಂದಲೇ. ಮೂರನೇ ವರ್ಷ ರಜೆಗೆ ಹೋದಾಗ ಕೊಟ್ಟಿಗೆಯಲ್ಲಿ ಇನ್ನೊಂದು ಹಸು ಇತ್ತು. ಹಾಲು ಕರೆಯುತ್ತಿದ್ದದ್ದು ಅವ್ವ. ಬೆಳಗ್ಗೆ ನಾಲ್ಕೂವರೆಗೆ ಎದ್ದು ಸಗಣಿ ಬಾಚಿ, ಕರೆದು, ಕ್ಯಾನು ಹೊತ್ತು ಡೈರಿಗೆ ಹೋಗುತ್ತಿದ್ದಳು. ಆ ವರ್ಷ ಅವಳ ಹೆಬ್ಬೆರಳ ಗೆಣ್ಣು ಊದಿಕೊಂಡಿತ್ತು. ಎಣ್ಣೆ ಹಚ್ಚಿ ಬಟ್ಟೆ ಸುತ್ತಿಕೊಂಡೇ ಕರೆಯುತ್ತಿದ್ದಳು. ಬಡ್ಡಿ ನಂದು ಅಂದಿದ್ದು ಮಾತ್ರ ಅಪ್ಪ, ಅಲ್ವಾ?

ಕೆಲಸ ಸಿಕ್ಕ ಮೇಲೆ ಅಸಲಿನ ಕಂತು ನಾನು ಕಟ್ಟಿದೆ. 2020ಕ್ಕೆ ಸಾಲ ತೀರಿತು.

ಹೋದ ವರ್ಷ ಅಣ್ಣನ ಮಗಳ ಸಾಲದ ಅರ್ಜಿ ತುಂಬುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ವರ್ಷಕ್ಕೆ ನಾಲ್ಕೂವರೆ ಲಕ್ಷದೊಳಗೆ ಆದಾಯವಿರುವ ಮನೆಯ ಮಕ್ಕಳು ಇಂಥ ಕೋರ್ಸು ಓದುವಾಗಿನ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಕಟ್ಟುವ ಯೋಜನೆ. 2009ರಿಂದಲೇ ಇತ್ತು. ನಮ್ಮ ಆದಾಯ ಅದರ ಹತ್ತಿರಕ್ಕೂ ಬರುತ್ತಿರಲಿಲ್ಲ. ಒಂದು ಆದಾಯ ಪ್ರಮಾಣಪತ್ರ ಕೊಟ್ಟು ಅರ್ಜಿ ಹಾಕಬೇಕಿತ್ತು ಅಷ್ಟೇ. ಬ್ಯಾಂಕಿನಲ್ಲಿ ಯಾರೂ ಬಾಯಿ ಬಿಟ್ಟಿರಲಿಲ್ಲ. ನಾವೂ ಕೇಳಲಿಲ್ಲ ಅನ್ನಿ, ಕೇಳೋಕೆ ಇಂಥದ್ದೊಂದು ಇದೆ ಅಂತ ಗೊತ್ತಿರಬೇಕಲ್ಲ.

ಊರಿಗೆ ಹೋದಾಗ ಜಗುಲಿ ಮೇಲೆ ಕೂತು ಅಪ್ಪನಿಗೆ ಹೇಳಿದೆ. ತುಂಬ ಹೊತ್ತು ಮಾತಾಡಲಿಲ್ಲ. ಕೊಟ್ಟಿಗೆ ಕಡೆ ಒಂದು ಸಲ ತಿರುಗಿ ನೋಡಿದರು.

"ನಿಮ್ಮವ್ವಂಗೆ ಹೇಳ್ಬೇಡ ಕಣಪ್ಪ" ಅಂದರು.